ಇಳಿದು ನಡೆಯುವ ವಿದ್ಯೆ

ಚಳಿಗಾಲದ ಕುದುರೆ ಸವಾರಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ ನನಗೆ ಮೊದಲು ನಗು ಬಂತು. ನಮ್ಮ ಕಡೆ ಚಳಿಗಾಲವೆಂದರೆ ಧನುರ್ಮಾಸದ ಬೆಳಗಿನ ಮಂಜು. ಹೆಚ್ಚೆಂದರೆ ಒಂದು ಕಂಬಳಿಗೆ ಅಂಜಿ ಓಡುವ ಚಳಿ. ಕುದುರೆಯೆಂದರೆ ದಸರೆಯ ಮೆರವಣಿಗೆಯಲ್ಲಿ ಕಂಡದ್ದು, ಇಲ್ಲವೆ ಹಳೆಯ ಬಸ್ ನಿಲ್ದಾಣದ ಮುಂದೆ ಜಟಕಾಕ್ಕೆ ಕಟ್ಟಿ ನಿಂತದ್ದು. ಈ ಎರಡನ್ನೂ ಕೂಡಿಸಿ ಕೇಳುಗರಿಗೆ ಹೇಳುವಂಥದು ಏನಿದೆ ಎಂದುಕೊಂಡೆ. ಮರುಗಳಿಗೆಯಲ್ಲೇ ಆ ನಗು ನಿಂತುಹೋಯಿತು. ಪಶುವೈದ್ಯನಾಗಿ ಲಡಾಖಿನಲ್ಲಿ ನಾನು ಕಳೆದ ಎರಡು ಚಳಿಗಾಲಗಳು ನೆನಪಿಗೆ ಬಂದವು. ಅವುಗಳಲ್ಲಿ ಎರಡನೆಯದರಲ್ಲಿ ಒಂದು ಕುದುರೆ ನನ್ನ ಆತುರಕ್ಕೆ ಬಲಿಯಾಯಿತು. ಆ ಋಣದ ಒಂದಂಶವನ್ನಾದರೂ ಈ ಮಾತುಗಳಿಂದ ತೀರಿಸಬಹುದೇನೋ ಎಂಬ ಆಸೆಯಿಂದ ಒಪ್ಪಿಕೊಂಡೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಚಳಿಯಲ್ಲಿ ನಡುಗುವವನು ಸವಾರ; ಆದ್ದರಿಂದ ಕುದುರೆಯೂ ತನ್ನಂತೆಯೇ ನಡುಗುತ್ತಿದೆಯೆಂದು ಅವನು ಭಾವಿಸುತ್ತಾನೆ. ಇದು ಸರಿಯಲ್ಲ. ಕುದುರೆ ಮೂಲತಃ ಬಯಲು ಹುಲ್ಲುಗಾವಲುಗಳ ಪ್ರಾಣಿ. ಸೈಬೀರಿಯದ ಯಾಕುತ್ ಜನರ ಕುದುರೆಗಳು ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿಳಿಯುವ ಚಳಿಯಲ್ಲಿ ಲಾಯವಿಲ್ಲದೆ ಬದುಕುತ್ತವೆ. ಗೊರಸಿನಿಂದ ಹಿಮವನ್ನು ಕೆದರಿ, ಅದರಡಿಯ ಒಣಹುಲ್ಲನ್ನು ಮೇಯುತ್ತವೆ. ಮಂಗೋಲಿಯದ ಕುದುರೆಗಳದೂ ಇದೇ ರೀತಿ. ಲಡಾಖಿನ ಝನ್‌ಸ್ಕಾರಿ ಎಂಬ ತಳಿಯೂ ಇಂಥದೇ. ನೋಡುವುದಕ್ಕೆ ಗಿಡ್ಡ; ಆದರೆ ಮೂರು ನಾಲ್ಕು ಸಾವಿರ ಮೀಟರ್ ಎತ್ತರದ ತೆಳುಗಾಳಿಯಲ್ಲಿ ಹೇರು ಹೊತ್ತು ಏರುವ ಎದೆಗಾರಿಕೆ ಅದಕ್ಕಿದೆ.

ಹಗಲು ಕಿರಿದಾಗತೊಡಗಿದಂತೆಯೇ ಕುದುರೆಯ ಮೈಯಲ್ಲಿ ಚಳಿಗಾಲದ ಕೂದಲು ಹುಟ್ಟತೊಡಗುತ್ತದೆ. ಒಳಗೆ ದಟ್ಟವಾದ ಮೃದುರೋಮ, ಹೊರಗೆ ನೀಳವಾದ ಒರಟು ಕೂದಲು. ಚಳಿ ಬಿದ್ದಾಗ ಚರ್ಮದೊಳಗಿನ ಸಣ್ಣ ಸ್ನಾಯುಗಳು ಈ ಕೂದಲನ್ನು ನಿಮಿರಿಸುತ್ತವೆ. ಕೂದಲ ನಡುವೆ ಗಾಳಿ ಸಿಕ್ಕಿಕೊಂಡು ಬೆಚ್ಚನೆಯ ಹೊದಿಕೆಯಾಗುತ್ತದೆ. ಕುದುರೆಯ ಬೆನ್ನಿನ ಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ಕುಳಿತಿದ್ದರೆ ಹೊಸಬರು ಅಯ್ಯೋ ಎನ್ನುತ್ತಾರೆ, ಬಲ್ಲವರು ಸಮಾಧಾನಪಡುತ್ತಾರೆ. ಮೈಯ ಶಾಖ ಹೊರಗೆ ಸೋರುತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಚಳಿಗೆ ಒಗ್ಗಿ, ಹೊಟ್ಟೆ ತುಂಬಿರುವ ಕುದುರೆಗೆ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿನವರೆಗೂ ಮೈ ಕಾಯಿಸಿಕೊಳ್ಳಲು ವಿಶೇಷ ಶ್ರಮ ಬೇಕಾಗುವುದಿಲ್ಲ.

ಹಾಗಾದರೆ ಅಪಾಯ ಯಾವುದರಿಂದ? ನಾನು ಕಂಡಮಟ್ಟಿಗೆ ಐದರಿಂದ: ನೆನೆದ ಮೈ, ಬೀಸುವ ಗಾಳಿ, ಖಾಲಿ ಹೊಟ್ಟೆ, ಬತ್ತಿದ ಬಾಯಿ ಮತ್ತು ಕಾಲಡಿಯ ಮಂಜುಗಡ್ಡೆ. ಈ ಐದಕ್ಕೂ ಮನುಷ್ಯನ ಅಜಾಗ್ರತೆಯೊಂದು ಸೇರಿದಾಗ ಕೇಡು ಪೂರ್ತಿಯಾಗುತ್ತದೆ.

ಹೊಟ್ಟೆ ಮತ್ತು ಬಾಯಿಯ ಮಾತನ್ನು ಮೊದಲು ಮುಗಿಸುತ್ತೇನೆ. ಹುರುಳಿ ತಿಂದರೆ ಕುದುರೆಗೆ ಕಾವು ಬರುತ್ತದೆಂಬುದು ನಮ್ಮಲ್ಲಿ ರೂಢಿಯ ಮಾತು. ಕಾಳಿನಿಂದ ಬಲ ಬರುವುದು ನಿಜ. ಆದರೆ ಚಳಿಯ ರಾತ್ರಿಯಲ್ಲಿ ಕುದುರೆಯನ್ನು ಬೆಚ್ಚಗಿಡುವುದು ಒಣಹುಲ್ಲು. ನಾರಿನಿಂದ ಕೂಡಿದ ಮೇವು ಕುದುರೆಯ ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳಿಂದ ಹುಳಿತು ಜೀರ್ಣವಾಗುತ್ತದೆ. ಹಾಗೆ ಹುಳಿಯುವಾಗ ಶಾಖ ಹುಟ್ಟುತ್ತದೆ. ಕುದುರೆ ತನ್ನ ಒಲೆಯನ್ನು ಹೊಟ್ಟೆಯೊಳಗೇ ಹೊತ್ತು ತಿರುಗುತ್ತದೆ. ಆ ಒಲೆಗೆ ಸೌದೆ ಹುಲ್ಲು. ಲಡಾಖಿನ ಮನೆಗಳ ಮಾಳಿಗೆಯ ಅಂಚಿನಲ್ಲೆಲ್ಲ ಮೇವನ್ನು ಒಟ್ಟಿರುತ್ತಾರೆ. ಅದರಲ್ಲಿ ಮುಖ್ಯವಾದುದು ನಮ್ಮ ರೈತರು ಕುದುರೆ ಮಸಾಲೆ ಎಂದು ಕರೆಯುವ ಸೊಪ್ಪು. ಹೆಸರು ಎಷ್ಟು ಸಾರ್ಥಕವೆಂದು ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ನೀರಿನ ಮಾತು ಇದಕ್ಕಿಂತ ಸೂಕ್ಷ್ಮ. ಬೆಳೆದ ಕುದುರೆಗೆ ದಿನಕ್ಕೆ ಸುಮಾರು ೨೫ರಿಂದ ೪೦ ಲೀಟರ್ ನೀರು ಬೇಕು. ಬೇಸಗೆಯಲ್ಲಿ ಹಸಿಹುಲ್ಲಿನಿಂದ ಅದರಲ್ಲಿ ಸ್ವಲ್ಪ ದೊರೆಯುತ್ತದೆ. ಚಳಿಗಾಲದ ಮೇವು ಒಣಗಿದ್ದು. ನೀರೋ ಮಂಜಿನಂತೆ ತಣ್ಣಗೆ. ಕುದುರೆ ಮೂತಿಯಿಟ್ಟು ತೆಗೆದುಬಿಡುತ್ತದೆ. ಎರಡು ದಿನ ಹೀಗಾದರೆ ಮೇವು ಕರುಳಿನಲ್ಲಿ ಗಟ್ಟಿಕಟ್ಟಿ ಹೊಟ್ಟೆಶೂಲೆ ಬರುತ್ತದೆ. ಹಿಮವನ್ನು ತಿಂದು ಬಾಯಾರಿಕೆ ನೀಗಿಕೊಳ್ಳಲಿ ಎಂದು ಬಿಡುವುದು, ದುಡಿಯುವ ಕುದುರೆಗೆ ಅನ್ಯಾಯ. ಹತ್ತು ಬಕೆಟ್ ಹೊಸ ಹಿಮ ಕರಗಿದರೆ ಒಂದು ಬಕೆಟ್ ನೀರಾಗುತ್ತದೆ. ಅಷ್ಟನ್ನು ಕರಗಿಸುವ ಶಾಖವನ್ನು ಕುದುರೆ ತನ್ನ ಮೈಯಿಂದಲೇ ತೆರಬೇಕು. ಆದ್ದರಿಂದ ಸವಾರಿಗೆ ಹೊರಡುವ ಮೊದಲು ಬೆಚ್ಚನೆಯ ನೀರು ಕುಡಿಸಿದ್ದೇನೆಯೇ, ಲದ್ದಿ ಸರಿಯಾಗಿ ಹಾಕಿದೆಯೇ ಎಂದು ನೋಡುವವನೇ ಸವಾರ. ಇದು ರಾವುತನಿಗೆ ತಕ್ಕ ಕೆಲಸವಲ್ಲವೆಂದು ತೋರಬಹುದು. ಆದರೆ ಚಳಿಗಾಲದ ಸವಾರಿ ಆರಂಭವಾಗುವುದೇ ಇಲ್ಲಿಂದ.

ಇನ್ನು ನೆನೆದ ಮೈ. ಕುದುರೆ ಮನುಷ್ಯನಂತೆ ಮೈಯೆಲ್ಲ ಬೆವರುವ ಪ್ರಾಣಿ. ದಟ್ಟ ಕೂದಲಿನ ಕುದುರೆಯನ್ನು ಚಳಿಯಲ್ಲಿ ಓಡಿಸಿದರೆ ಬೆವರು ಕೂದಲ ಬುಡದಲ್ಲಿ ನಿಲ್ಲುತ್ತದೆ. ಗಾಳಿಯನ್ನು ಹಿಡಿದಿಡುತ್ತಿದ್ದ ಕೂದಲು ಒದ್ದೆಯಾಗಿ ಮೈಗೆ ಅಂಟುತ್ತದೆ. ಆಗ ಹೊದಿಕೆಯೇ ವೈರಿಯಾಗುತ್ತದೆ. ನಾಯಿಗೆ ಈ ಕಷ್ಟವಿಲ್ಲ. ಅದು ಬಾಯಿ ತೆರೆದು ತೇಗಿ ಮೈಯ ಕಾವನ್ನು ಹೊರಹಾಕುತ್ತದೆ, ಅದರ ರೋಮ ಒಣಗಿಯೇ ಇರುತ್ತದೆ. ಈ ಒಂದು ವ್ಯತ್ಯಾಸ ದಕ್ಷಿಣ ಧ್ರುವದ ಸಾಹಸದಲ್ಲಿ ಎಷ್ಟು ದೊಡ್ಡದಾಯಿತೆಂಬುದನ್ನು ಕೇಳುಗರಲ್ಲಿ ಹಲವರು ಬಲ್ಲಿರಿ. ನಾರ್ವೆಯ ಅಮುಂಡ್‌ಸೆನ್ ನಾಯಿಗಳನ್ನು ನಂಬಿ ಹೊರಟು ೧೯೧೧ರ ಡಿಸೆಂಬರ್ ೧೪ರಂದು ಧ್ರುವವನ್ನು ಮುಟ್ಟಿದ. ಇಂಗ್ಲೆಂಡಿನ ಸ್ಕಾಟ್ ಏಷ್ಯದ ಈಶಾನ್ಯ ಭಾಗದಿಂದ ೧೯ ಸಣ್ಣ ಕುದುರೆಗಳನ್ನು ತರಿಸಿ ಹೊರಟಿದ್ದ.

ಆ ಕುದುರೆಗಳ ಉಸ್ತುವಾರಿ ಕ್ಯಾಪ್ಟನ್ ಓಟ್ಸ್ ಎಂಬ ಅಶ್ವದಳದ ಅಧಿಕಾರಿಯದು. ನಮ್ಮ ಮಧ್ಯಭಾರತದ ಮಹೂ ದಂಡಿನಲ್ಲಿದ್ದಾಗಲೇ ಈ ಯಾತ್ರೆಗೆ ಅರ್ಜಿ ಹಾಕಿಕೊಂಡವನು ಅವನು. ಕುದುರೆಗಳನ್ನು ಕಂಡೊಡನೆ, ಇವು ಮುದಿಯಾದವು, ಸೊರಗಿದವು ಎಂದು ಅವನಿಗೆ ತಿಳಿಯಿತು. ಆದರೂ ಅವನು ಅವುಗಳನ್ನು ಸಾಕಿದ ರೀತಿ ದೊಡ್ಡದು. ಆ ಹಿಮದ ಬಯಲಿನಲ್ಲಿ ಯಾರೂ ಅವುಗಳನ್ನು ಏರಲಿಲ್ಲ. ಪ್ರತಿಯೊಂದು ಕುದುರೆಯ ಪಕ್ಕದಲ್ಲಿಯೂ ಒಬ್ಬ ಮನುಷ್ಯ ಲಗಾಮು ಹಿಡಿದು ನಡೆದ. ಬೀಡು ಬಿಟ್ಟ ಕಡೆಯಲ್ಲೆಲ್ಲ, ದಣಿದ ಮನುಷ್ಯರು ಹಿಮದ ಇಟ್ಟಿಗೆಗಳನ್ನು ಕೊಯ್ದು, ಗಾಳಿ ಬೀಸುವ ದಿಕ್ಕಿಗೆ ಕುದುರೆಗಳಿಗಾಗಿ ಗೋಡೆ ಕಟ್ಟಿದರು.

೧೯೧೧ರ ಫೆಬ್ರವರಿಯಲ್ಲಿ ಮುಂದಿನ ವರ್ಷದ ಪಯಣಕ್ಕಾಗಿ ಆಹಾರದ ದಾಸ್ತಾನನ್ನು ಹೂಳಲು ಹೋದಾಗ ಕುದುರೆಗಳು ಸೋತುಹೋದವು. ಎಂಬತ್ತನೆಯ ಅಕ್ಷಾಂಶದಲ್ಲಿ ಹೂಳಬೇಕೆಂದಿದ್ದ ದಾಸ್ತಾನನ್ನು ಸ್ಕಾಟ್ ಅದಕ್ಕಿಂತ ಐವತ್ತು ಕಿಲೋಮೀಟರಿಗೂ ಹೆಚ್ಚು ಈಚೆಗೇ ಹೂಳಿಸಿದ. ಕುದುರೆಗಳನ್ನು ಕೊಂದಾದರೂ ಮುಂದೆ ಸಾಗೋಣವೆಂದು ಓಟ್ಸ್ ಹೇಳಿದನೆಂದೂ, ಆ ಮೂಕಪ್ರಾಣಿಗಳ ಸಂಕಟವನ್ನು ಇನ್ನು ನೋಡಲಾರೆನೆಂದು ಸ್ಕಾಟ್ ಒಪ್ಪಲಿಲ್ಲವೆಂದೂ ಹೇಳುತ್ತಾರೆ. ಮರುವರ್ಷ ಧ್ರುವದಿಂದ ಹಿಂದಿರುಗುವ ದಾರಿಯಲ್ಲಿ, ೧೯೧೨ರ ಮಾರ್ಚ್ ತಿಂಗಳ ನಡುವೆ, ಕಾಲು ಸೆಡೆತುಹೋಗಿದ್ದ ಓಟ್ಸ್ ಸಂಗಡಿಗರಿಗೆ ಭಾರವಾಗಬಾರದೆಂದು ಗುಡಾರದಿಂದ ಹೊರಗೆ ನಡೆದು ಮರೆಯಾದ. ಸ್ಕಾಟನೂ ಉಳಿದಿಬ್ಬರೂ ಪ್ರಾಣಬಿಟ್ಟ ಜಾಗ ಆ ದಾಸ್ತಾನಿನಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿತ್ತು. ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಹೇಳಲು ನಾನು ಯಾರು? ಕುದುರೆಯ ಶಕ್ತಿ ಎಲ್ಲಿಗೆ ಮುಗಿಯುತ್ತದೆಂಬ ಲೆಕ್ಕವನ್ನು ಹೊರಡುವ ಮೊದಲೇ ಹಾಕಬೇಕು; ದಾರಿಯ ನಡುವೆ ಹಾಕಿದರೆ ಕರುಣೆಗೂ ಬೆಲೆ ತೆರಬೇಕಾಗುತ್ತದೆ. ಇಷ್ಟು ಮಾತ್ರ ನನಗೆ ಈ ಕಥೆಯಿಂದ ತಿಳಿದದ್ದು.

ನಮ್ಮ ಸಾಧಾರಣ ಸವಾರಿಗೆ ಇದರಿಂದ ದೊರೆಯುವ ನಿಯಮ ಸರಳವಾದುದು. ಕೊರೆಯುವ ಚಳಿಯಲ್ಲಿ ಕುದುರೆಯನ್ನು ನಾಗಾಲೋಟಕ್ಕೆ ಬಿಡಬಾರದು. ಬೆವರುವುದರ ಮಾತು ಹಾಗಿರಲಿ, ಏದುಸಿರಿನೊಂದಿಗೆ ಒಳಹೋಗುವ ಒಣ ತಣ್ಣನೆಯ ಗಾಳಿ ಶ್ವಾಸನಾಳವನ್ನೇ ನೋಯಿಸುತ್ತದೆ. ಹೊರಟಾಗ ಮೊದಲ ಹತ್ತು ಹದಿನೈದು ನಿಮಿಷ ನಡಿಗೆ. ಹಿಂದಿರುಗುವಾಗ ಕೊನೆಯ ಒಂದೆರಡು ಕಿಲೋಮೀಟರ್ ಮತ್ತೆ ನಡಿಗೆ. ಲಾಯಕ್ಕೆ ಬಂದ ಮೇಲೆ ಜೀನಿಳಿಸಿ, ಹುಲ್ಲಿನ ಸಿಂಬೆಯಿಂದ ಕೂದಲಿಗೆ ಎದುರಾಗಿ ಉಜ್ಜಿ ಒಣಗಿಸಬೇಕು. ಕೂದಲ ಬುಡಕ್ಕೆ ಬೆರಳಿಟ್ಟು ನೋಡಿ, ಒಣಗಿದೆಯೆಂದು ಖಾತ್ರಿಯಾಗುವತನಕ ಗಾಳಿಗೆ ನಿಲ್ಲಿಸಬಾರದು. ಒದ್ದೆ ಮೈಯ ಮೇಲೆ ದಪ್ಪ ಕಂಬಳಿ ಹೊದಿಸಿ ನಿಶ್ಚಿಂತೆಯಿಂದ ಮಲಗುವುದು ಇನ್ನೊಂದು ತಪ್ಪು. ತೇವ ಒಳಗೇ ಉಳಿಯುತ್ತದೆ, ಕೂದಲು ಏಳುವುದಿಲ್ಲ.

ಈಗ ಕಾಲಡಿಗೆ ಬರೋಣ. ಕುದುರೆಯ ಗೊರಸು ಅಡಿಯಲ್ಲಿ ಬಟ್ಟಲಿನಂತೆ ತಗ್ಗಾಗಿರುತ್ತದೆ. ಸುತ್ತ ಕಬ್ಬಿಣದ ಲಾಳ ಹೊಡೆದರೆ ಆ ತಗ್ಗು ಇನ್ನಷ್ಟು ಆಳವಾಗುತ್ತದೆ. ಹಸಿ ಹಿಮದ ಮೇಲೆ ನಡೆಯುವಾಗ ಅಂಗಾಲಿನ ಬಿಸಿಗೆ ಹಿಮ ಸ್ವಲ್ಪ ಕರಗುತ್ತದೆ. ಕರಗಿದ್ದು ತಣ್ಣನೆಯ ಕಬ್ಬಿಣಕ್ಕೆ ತಾಗಿ ಮತ್ತೆ ಹೆಪ್ಪುಗಟ್ಟುತ್ತದೆ. ಹೆಜ್ಜೆಹೆಜ್ಜೆಗೂ ಪದರದ ಮೇಲೆ ಪದರ ಕೂಡುತ್ತ ಅಂಗಾಲಿನಲ್ಲಿ ಕಲ್ಲಿನಂಥ ಉಂಡೆ ಬೆಳೆಯುತ್ತದೆ. ಕುದುರೆ ನಾಲ್ಕು ಚೆಂಡುಗಳ ಮೇಲೆ ನಿಂತಂತಾಗುತ್ತದೆ. ಒಂದು ಉಂಡೆ ಕಳಚಿ ಇನ್ನೊಂದು ಉಳಿದರೆ ಕಾಲುಗಳ ಎತ್ತರವೇ ಹೆಚ್ಚುಕಡಿಮೆ. ಕೀಲು ಉಳುಕುವುದಕ್ಕೆ, ನರ ಹರಿಯುವುದಕ್ಕೆ ಇಷ್ಟು ಸಾಕು. ಲಾಳವಿಲ್ಲದ ಗೊರಸಿಗೆ ಈ ಕಾಟ ಕಡಿಮೆ. ಲಾಳವಿದ್ದರೆ, ಹೊರಡುವ ಮೊದಲು ಅಂಗಾಲಿಗೆ ಕೊಬ್ಬನ್ನೋ ವ್ಯಾಸಲೀನನ್ನೋ ದಪ್ಪನಾಗಿ ಬಳಿಯುವುದು ಹಳೆಯ ಉಪಾಯ. ಲಾಳಕ್ಕೂ ಗೊರಸಿಗೂ ನಡುವೆ ಉಬ್ಬಿದ ರಬ್ಬರಿನ ಪಟ್ಟಿ ಸೇರಿಸಿ, ಪ್ರತಿ ಹೆಜ್ಜೆಗೂ ಹಿಮವನ್ನು ಹೊರದೂಡುವಂತೆ ಮಾಡುವುದು ಹೊಸ ಉಪಾಯ. ಯಾವುದೇ ಇರಲಿ, ಗೊರಸು ಕೆದಕುವ ಕೊಕ್ಕೆಯೊಂದು ಸವಾರನ ಜೇಬಿನಲ್ಲಿ ಇದ್ದೇ ಇರಬೇಕು.

ಗಟ್ಟಿ ಮಂಜುಗಡ್ಡೆಯ ಮೇಲಾದರೆ ನುಣುಪಾದ ಲಾಳ ಗಾಜಿನ ಮೇಲೆ ಗಾಜು ಇಟ್ಟಂತೆ. ಅದಕ್ಕೆ ಲಾಳದಲ್ಲಿ ಚೂಪಾದ ಮೊಳೆಗಳನ್ನು ಕೂಡಿಸುತ್ತಾರೆ. ಚಳಿನಾಡುಗಳಲ್ಲಿ ಇದು ಲಾಳಗಾರರ ಹಳೆಯ ವಿದ್ಯೆ. ಈಗ ಟಂಗ್‌ಸ್ಟನ್ ಕಾರ್ಬೈಡಿನ ತುದಿಯುಳ್ಳ ಮೊಳೆಗಳೂ ಬಂದಿವೆ. ಇಲ್ಲಿಯೂ ಅತಿಯಾಗಬಾರದು. ಗೊರಸು ನೆಲಕ್ಕೆ ತಾಗುವಾಗ ಎಳ್ಳಷ್ಟು ಜಾರಿ ನಿಲ್ಲುವುದು ಸಹಜ. ಮೊಳೆ ಅದನ್ನು ತಟ್ಟನೆ ಹಿಡಿದುಬಿಟ್ಟರೆ ಆ ಪೆಟ್ಟೆಲ್ಲ ಕೀಲಿಗೆ ಏರುತ್ತದೆ.

ಈ ಸಣ್ಣ ಮೊಳೆಗಳ ಮಹತ್ವವನ್ನು ಇತಿಹಾಸ ಒಮ್ಮೆ ಬಹಳ ದೊಡ್ಡ ಅಕ್ಷರಗಳಲ್ಲಿ ಬರೆದಿದೆ. ೧೮೧೨ರ ಜೂನ್ ತಿಂಗಳಲ್ಲಿ ನೆಪೋಲಿಯನ್ ನೀಮೆನ್ ನದಿಯನ್ನು ದಾಟಿ ರಷ್ಯದ ಮೇಲೆ ನಡೆದಾಗ ಅವನ ಸೈನ್ಯದೊಂದಿಗೆ ಲಕ್ಷಕ್ಕೆ ಮೀರಿದ ಕುದುರೆಗಳಿದ್ದವು. ಚಳಿಯೇ ಅವುಗಳನ್ನೆಲ್ಲ ಕೊಂದಿತೆನ್ನುವುದು ಸುಳ್ಳು. ಮೇವಿಲ್ಲದೆ, ಹಸಿ ಪೈರನ್ನು ತಿಂದು, ಸಾವಿರಾರು ಕುದುರೆಗಳು ಬೇಸಗೆಯಲ್ಲೇ ಸತ್ತಿದ್ದವು. ಉಳಿದವನ್ನು ಮುಗಿಸಿದ್ದು ಹಿಂದಿರುಗುವ ದಾರಿ. ಚಕ್ರವರ್ತಿಯ ಅಶ್ವಶಾಲೆಯ ಮುಖ್ಯಾಧಿಕಾರಿ ಕೋಲೆಂಕೂರ್ ಎಂಬಾತ. ಅವನು ಹಲವು ವರ್ಷ ರಷ್ಯದಲ್ಲಿ ರಾಯಭಾರಿಯಾಗಿದ್ದು ಅಲ್ಲಿನ ಚಳಿಯನ್ನು ಬಲ್ಲವನು. ಮಾಸ್ಕೋದಲ್ಲಿದ್ದಾಗಲೇ ಅವನು ಅರಮನೆಯ ಕುದುರೆಗಳಿಗೆ ಮಂಜಿನ ಮೊಳೆಯುಳ್ಳ ಲಾಳಗಳನ್ನು ಮಾಡಿಸಿದ. ಉಳಿದ ಸೈನ್ಯದಲ್ಲಿ ಅದನ್ನು ಚಿಂತಿಸಿದವರು ವಿರಳ. ಶರತ್ಕಾಲದ ಬಿಸಿಲು ಹಿತವಾಗಿತ್ತು. ಚಕ್ರವರ್ತಿಗೆ ಎಚ್ಚರಿಕೆಯ ಮಾತು ರುಚಿಸಲಿಲ್ಲ.

ಅಕ್ಟೋಬರ್ ೧೯ರಂದು ಸೈನ್ಯ ಮಾಸ್ಕೋವನ್ನು ಬಿಟ್ಟಿತು. ನವೆಂಬರ್ ಮೊದಲ ವಾರದಲ್ಲಿ ಹಿಮ ಬಿತ್ತು. ಬಳಿಕ ಪ್ರತಿಯೊಂದು ಇಳಿಜಾರೂ ಒಂದೊಂದು ರಣರಂಗವಾಯಿತು. ಹಸಿದ ಕುದುರೆ ನುಣುಪು ಲಾಳದಲ್ಲಿ ಜಾರಿ ಬೀಳುವುದು. ಎದ್ದು ಮತ್ತೆ ಬೀಳುವುದು. ಕೊನೆಗೆ ಏಳುವ ಯತ್ನವನ್ನೇ ಬಿಡುವುದು. ಫಿರಂಗಿಗಳನ್ನು ಎಳೆಯುವವರಿಲ್ಲದೆ ದಾರಿಯಲ್ಲಿ ಬಿಟ್ಟರು. ಅಶ್ವದಳದವರು ಕಾಲಾಳುಗಳಾದರು. ಚಕ್ರವರ್ತಿಯೇ ಕೋಲು ಹಿಡಿದು ಕಾಲ್ನಡಿಗೆಯಲ್ಲಿ ಸಾಗಬೇಕಾಯಿತು. ಡಿಸೆಂಬರ್ ತಿಂಗಳಲ್ಲಿ ವಿಲ್ನಾ ನಗರವನ್ನು ದಾಟಿದೊಡನೆ ಪೊನಾರಿ ಎಂಬ ಗುಡ್ಡ ಎದುರಾಯಿತು. ಅದೇನೂ ಹಿಮಾಲಯವಲ್ಲ, ಸಾಧಾರಣ ದಿಬ್ಬ. ಆದರೆ ದಾರಿಯೆಲ್ಲ ಮಂಜುಗಡ್ಡೆ. ಅಷ್ಟು ದೂರ ಕಾಪಾಡಿಕೊಂಡು ಬಂದ ಗಾಡಿಗಳು ಅಲ್ಲಿ ಏರಲಾರದೆ ನಿಂತವು. ಸೈನ್ಯದ ಖಜಾನೆಯ ಗಾಡಿಗಳು ಆ ಗುಡ್ಡದ ಬುಡದಲ್ಲೇ ಸೂರೆಹೋದವು. ಕೋಲೆಂಕೂರ್ ಬರೆದಿಟ್ಟ ನೆನಪುಗಳು ಬೆಳಕು ಕಂಡದ್ದು ೧೯೩೩ರಲ್ಲಿ. ಅರಮನೆಯ ಕುದುರೆಗಳು ಉಳಿದುದಕ್ಕೆ ಲಾಳದ ಎಚ್ಚರಿಕೆಯೇ ಕಾರಣವೆಂದು ಅವನು ಅದರಲ್ಲಿ ಹೇಳಿಕೊಂಡಿದ್ದಾನೆ. ಅರ್ಧ ಯುರೋಪನ್ನು ಗೆದ್ದವನು ಒಂದು ಹಿಡಿ ಮೊಳೆಯನ್ನು ಮರೆತ.

ಸವಾರನ ಸಲಕರಣೆಯ ವಿಷಯವಾಗಿ ಎರಡು ಮಾತು. ಕಬ್ಬಿಣದ ಕಡಿವಾಣ ರಾತ್ರಿಯೆಲ್ಲ ಹೊರಗಿದ್ದರೆ ಅದನ್ನು ಹಾಗೆಯೇ ಕುದುರೆಯ ಬಾಯಿಗೆ ಇಡಬಾರದು; ಕೊರೆಯುವ ಲೋಹಕ್ಕೆ ಒದ್ದೆ ನಾಲಗೆ ಅಂಟಿ ಚರ್ಮ ಕಿತ್ತುಬರುತ್ತದೆ. ಲಡಾಖಿಗರು ಅದನ್ನು ಮೊದಲು ತಮ್ಮ ನಿಲುವಂಗಿಯ ಒಳಗಿಟ್ಟುಕೊಂಡು ಬೆಚ್ಚಗೆ ಮಾಡುವುದನ್ನು ನೋಡಿದ್ದೇನೆ. ಜೀನಿನ ಚರ್ಮ ಚಳಿಗೆ ಸೆಟೆದು ಬಿರಿಯುತ್ತದೆ. ಹೊಟ್ಟೆಪಟ್ಟಿಯನ್ನು ಏರುವ ಮೊದಲೂ, ಸ್ವಲ್ಪ ದೂರ ನಡೆಸಿದ ಮೇಲೂ ಪರೀಕ್ಷಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು ರಿಕಾಪು. ಚಳಿಗೆಂದು ಎರಡು ಮೂರು ಕಾಲುಚೀಲ ತೊಟ್ಟು, ಮೇಲೆ ದಪ್ಪ ಬೂಟು ಹಾಕಿದವನ ಪಾದ ಬೇಸಗೆಯ ರಿಕಾಪಿನಲ್ಲಿ ಬಿಗಿಯಾಗಿ ಕುಳಿತುಬಿಡುತ್ತದೆ. ಕುದುರೆ ಬಿದ್ದರೆ ಆ ಪಾದ ಹೊರಗೆ ಬರುವುದಿಲ್ಲ. ಬೂಟಿನ ಎರಡು ಬದಿಗೂ ಒಂದೊಂದು ಬೆರಳಿನಷ್ಟು ಜಾಗ ಇರಬೇಕು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದೂ ಮರೆತಿದ್ದೆ.

ಮೊದಲಲ್ಲಿ ಹೇಳಿದ ಆ ಘಟನೆಗೆ ಈಗ ಬರುತ್ತೇನೆ. ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಅಲ್ಲಿ ಚಳಿ ಹೆಚ್ಚು. ಮಳೆ, ಹಿಮ ಎರಡೂ ಕಡಿಮೆ. ಆ ಕಣಿವೆಗಳ ದಾರಿಗಳಲ್ಲಿ ಸವಾರನ ನಿಜವಾದ ಶತ್ರು ಮುಗಿಲಿನಿಂದ ಬಿದ್ದ ಹಿಮವಲ್ಲ. ನೆಲದಿಂದ ಒಸರುವ ನೀರು. ಗುಡ್ಡದ ಬದಿಯಿಂದ ಒರತೆಯೊಂದು ದಾರಿಗೆ ಅಡ್ಡಲಾಗಿ ಹರಿಯುತ್ತ ಹರಿಯುತ್ತಲೇ ಹೆಪ್ಪುಗಟ್ಟಿ, ಪದರ ಪದರವಾಗಿ ಬೆಳೆದು, ಇಳಿಜಾರಾದ ಗಾಜಿನ ಹಾಸಾಗಿಬಿಡುತ್ತದೆ. ಮೇಲೆ ಹಿಟ್ಟು ಜರಡಿ ಹಿಡಿದಂತೆ ಒಂದಿಷ್ಟು ಹಿಮ ಉದುರಿದ್ದರೆ ಅದು ಕಣ್ಣಿಗೂ ಕಾಣುವುದಿಲ್ಲ.

ಒಂದು ದಿನ, ಮೋಟಾರು ಹೋಗದ ಕಣಿವೆಯ ಹಳ್ಳಿಯೊಂದರಿಂದ, ಹಸುವೊಂದು ಕರು ಹಾಕಲಾರದೆ ಒದ್ದಾಡುತ್ತಿದೆಯೆಂದು ಕರೆ ಬಂತು. ನನ್ನನ್ನು ಕರೆದೊಯ್ಯಲು ಆ ಹಳ್ಳಿಯ ಹಿರಿಯರೊಬ್ಬರು ತಮ್ಮ ಎರಡು ಕುದುರೆಗಳೊಂದಿಗೆ ಬಂದಿದ್ದರು. ಲಡಾಖಿನಲ್ಲಿ ಅಜ್ಜನನ್ನು ‘ಮೇಮೆ’ ಎನ್ನುತ್ತಾರೆ. ಗೌರವಕ್ಕೆ ‘ಲೆ’ ಎಂದು ಕೂಡಿಸುತ್ತಾರೆ. ನಾನು ಅವರನ್ನು ‘ಮೇಮೆ-ಲೆ’ ಎಂದೇ ಕರೆಯುತ್ತಿದ್ದೆ. ನನಗೆ ಅವರು ಕೊಟ್ಟದ್ದು ಕಂದುಬಣ್ಣದ ಒಂದು ಹೆಣ್ಣು ಕುದುರೆ. ತುಂಬ ಸಾಧು.

ದಾರಿಯಲ್ಲಿ ಮೂರು ಕಡೆ ಒರತೆಯ ಮಂಜುಗಡ್ಡೆ ಅಡ್ಡ ಬಂತು. ಮೂರು ಕಡೆಯೂ ಮೇಮೆ ಕುದುರೆಯಿಂದ ಇಳಿದರು. ಹೆಗಲ ಚೀಲದಿಂದ ಒಲೆಯ ಬೂದಿಯನ್ನೂ ಮಣ್ಣನ್ನೂ ತೆಗೆದು ಮಂಜುಗಡ್ಡೆಯ ಮೇಲೆ ಎರಚಿದರು. ತಮ್ಮ ಕುದುರೆಯನ್ನು ಪಕ್ಕದಲ್ಲಿ ನಡೆಸಿಕೊಂಡು ದಾಟಿದರು. ನಾನೂ ಹಾಗೆಯೇ ಮಾಡಿದೆ. ನಾಲ್ಕನೆಯದು ಎದುರಾದಾಗ ಬಿಸಿಲು ಆಗಲೇ ಬೆಟ್ಟದ ತುದಿಗೆ ಏರಿತ್ತು. ನನ್ನ ಪಾದಗಳು ಮರಗಟ್ಟಿದ್ದವು. ಇಳಿದರೆ ಮತ್ತೆ ಏರುವುದು ಹೇಗೆ ಎನ್ನುವಷ್ಟು ಆಯಾಸವಾಗಿತ್ತು. ಅತ್ತ ಹಸು ಸಾಯುತ್ತಿರಬಹುದು.

“ಇಳಿಯಿರಿ, ಡಾಕ್ಟರ್ ಸಾಹೇಬ್” ಎಂದರು ಮೇಮೆ, ತಮಗೆ ಬರುತ್ತಿದ್ದ ಹಿಂದಿಯಲ್ಲಿ.

“ಹತ್ತು ಹೆಜ್ಜೆ ತಾನೆ, ಮೇಮೆ-ಲೆ” ಎಂದು ನಾನು ಹಿಮ್ಮಡಿಯನ್ನು ಒತ್ತಿದೆ.

ಕುದುರೆ ಅಂಚಿನಲ್ಲಿ ನಿಂತಿತು. ತಲೆ ತಗ್ಗಿಸಿ ಮಂಜುಗಡ್ಡೆಯನ್ನು ಮೂಸಿತು. ಕುದುರೆ ತನ್ನ ಕಾಲಡಿಯನ್ನು ಓದುವುದೇ ಹಾಗೆ. ತೂಕವನ್ನು ಸರಿತೂಗಿಸಿಕೊಳ್ಳುವುದಕ್ಕೂ ಅದಕ್ಕೆ ಕತ್ತು ಸಡಿಲವಾಗಿರಬೇಕು. ಆ ಗಳಿಗೆಯಲ್ಲಿ ಸವಾರ ಮಾಡಬೇಕಾದದ್ದು ಲಗಾಮನ್ನು ಬಿಟ್ಟು, ಮಿಸುಕದೆ ಕೂರುವುದು, ಇಲ್ಲವೆ ಇಳಿಯುವುದು. ನಾನು ಲಗಾಮನ್ನು ಮೇಲಕ್ಕೆ ಜಗ್ಗಿದೆ. ಮೂರನೆಯ ಹೆಜ್ಜೆಗೆ ಅದರ ಹಿಂಗಾಲುಗಳೆರಡೂ ಒಂದೇ ಬದಿಗೆ ಜಾರಿದವು. ನಾವಿಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದೆವು. ನನ್ನ ದಪ್ಪ ಬೂಟು ರಿಕಾಪಿನಲ್ಲಿ ಸಿಕ್ಕಿಕೊಂಡಿತ್ತು. ಮೇಮೆ ಮಂಜುಗಡ್ಡೆಯ ಮೇಲೆ ತೆವಳಿಕೊಂಡು ಬಂದು, ಸೊಂಟದ ಚಾಕುವಿನಿಂದ ರಿಕಾಪಿನ ಪಟ್ಟಿಯನ್ನು ಕೊಯ್ಯದಿದ್ದರೆ ನಾನು ಇಂದು ನಿಮ್ಮೊಡನೆ ಮಾತನಾಡುತ್ತಿರಲಿಲ್ಲ.

ಕುದುರೆ ಎದ್ದು ನಿಲ್ಲಲು ಎರಡು ಸಲ ಯತ್ನಿಸಿತು. ಅದರ ಹಿಂಗಾಲಿನ ಮೂಳೆ ಮುರಿದಿರುವುದನ್ನು ತಿಳಿಯಲು ವೈದ್ಯನೇ ಆಗಬೇಕಾಗಿರಲಿಲ್ಲ. ಅಂಥ ಜಾಗದಲ್ಲಿ, ಅಂಥ ಮುರಿತಕ್ಕೆ ಮದ್ದೆಂಬುದು ಒಂದೇ. ಹಸುವನ್ನು ಉಳಿಸಲೆಂದು ಹೊತ್ತು ತಂದಿದ್ದ ಪೆಟ್ಟಿಗೆಯಿಂದ ಆ ಮದ್ದನ್ನು ನಾನೇ ತೆಗೆದೆ. ಮೇಮೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊನೆಯತನಕ ಕಿವಿಯ ಬುಡವನ್ನು ಸವರುತ್ತಿದ್ದರು.

ಅಲ್ಲಿಂದ ಹಳ್ಳಿಗೆ ಕತ್ತಲಲ್ಲಿ ಮೂರು ಗಂಟೆಯ ನಡಿಗೆ. ಹಸು ಉಳಿಯಿತು, ಕರು ಅಷ್ಟರಲ್ಲಿ ಸತ್ತಿತ್ತು. ಇಳಿದು ದಾಟಿದ್ದರೆ ಐದು ನಿಮಿಷ ತಡವಾಗುತ್ತಿತ್ತು. ಆ ಐದು ನಿಮಿಷವನ್ನು ಉಳಿಸಹೋಗಿ ಮೂರು ಗಂಟೆಯನ್ನೂ ಎರಡು ಜೀವಗಳನ್ನೂ ಕಳೆದೆ.

ಕುದುರೆಯ ಬೆಲೆಯನ್ನು ಕೊಟ್ಟೆ. ಮೇಮೆ ತೆಗೆದುಕೊಂಡರು, ಬೇಡವೆನ್ನುವಷ್ಟು ಅನುಕೂಲವಂತರಲ್ಲ ಅವರು. ಒಂದು ಕಟುಮಾತನ್ನೂ ಆಡಲಿಲ್ಲ. ಮರುದಿನ ಹಿಂದಿರುಗುವಾಗ, ಉಳಿದ ಒಂದೇ ಕುದುರೆಯ ಮೇಲೆ, ನಾನು ಎಷ್ಟು ಬೇಡವೆಂದರೂ ಕೇಳದೆ, ನನ್ನನ್ನೇ ಕೂರಿಸಿದರು. ನನ್ನ ಪಾದ ಊದಿಕೊಂಡಿತ್ತು. ಆ ಜಾಗ ಬಂದಾಗ ಅವರು ಏನೂ ಹೇಳಲಿಲ್ಲ. ಲಗಾಮು ಹಿಡಿದು ಸುಮ್ಮನೆ ನಿಂತರು. ನಾನು ಇಳಿದೆ. ಅವರು ಚೀಲದಿಂದ ಬೂದಿ ತೆಗೆದು ಎರಚಿದರು. ಕುದುರೆಯ ಮುಂದೆ ನಡೆದರೆ ಅದು ಜಾರಿ ನನ್ನ ಮೇಲೆ ಬೀಳಬಹುದೆಂದು ನನ್ನನ್ನು ಅದರ ಭುಜದ ಪಕ್ಕಕ್ಕೆ ಸರಿಸಿದರು. ಮೂವರೂ ಮೆಲ್ಲನೆ ದಾಟಿದೆವು.

ಸವಾರಿಯನ್ನು ಕುರಿತ ಗ್ರಂಥಗಳು ಏರುವ ಬಗೆಯನ್ನು, ಕೂರುವ ಬಗೆಯನ್ನು ವಿವರವಾಗಿ ಹೇಳುತ್ತವೆ. ಚಳಿಗಾಲ ಕಲಿಸುವುದು ಇಳಿಯುವ ಬಗೆಯನ್ನು. ನೀರು ಕುಡಿಸಲು, ಗೊರಸು ಕೆದಕಲು, ಮೈ ಒರೆಸಲು, ಮಂಜುಗಡ್ಡೆಯ ಅಂಚಿನಲ್ಲಿ ಲಗಾಮು ಹಿಡಿದು ಪಕ್ಕದಲ್ಲಿ ನಡೆಯಲು ಯಾವನು ಬೇಸರಪಡುವುದಿಲ್ಲವೋ ಅವನ ಕುದುರೆ ಬೇಸಗೆಯನ್ನು ಕಾಣುತ್ತದೆ. ಈಗಲೂ ಡಿಸೆಂಬರಿನ ನಸುಕಿನಲ್ಲಿ ಎಲ್ಲಿಯಾದರೂ ಲಾಳದ ಸದ್ದು ಕೇಳಿದರೆ ನನ್ನ ಪಾದ ತಾನಾಗಿ ರಿಕಾಪಿನಿಂದ ಬಿಡಿಸಿಕೊಳ್ಳುವಂತೆ ಅದುರುತ್ತದೆ. ಆ ಕಂದು ಕುದುರೆ ತಲೆ ತಗ್ಗಿಸಿ ಮಂಜುಗಡ್ಡೆಯನ್ನು ಮೂಸಿದ್ದು ಕಣ್ಣ ಮುಂದೆ ಬರುತ್ತದೆ. ಅದಕ್ಕೆ ಗೊತ್ತಿತ್ತು. ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.